ರಾಂಗ್ ಮೇಷ್ಟ್ರು

ಸೈಲೆನ್ಸಿಗೆ ದ ಯಾಕೆ, ಯಾವ ಸೈಲೆನ್ಸು, ಯಾರಪ್ಪನ ಮನೆಯ ಸೈಲೆನ್ಸು, ಪೇಷಂಟ್ಸ್ ಆರ್ ರಿಕ್ವೆಸ್ಟೆಡ್ ಟು ಮೇಂಟೇನ್ ದ ಸೈಲೆನ್ಸ್ ಅಂತೆ, ನೀಲಿ ಬಣ್ಣದಲ್ಲಿ ದುಂಡಗೆ ಬರೆದು, ಕೆಳಗೊಂದು ಹೂಬಳ್ಳಿಯನ್ನೂ ಎಳೆದು, ಘನಕಾರ್ಯ ಮುಗಿಸಿದೆನೆಂದು ಏಣಿ ಇಳಿದು ಹೋಗಿದ್ದಾನೆ ಪುಣ್ಯಾತ್ಮ, ಅದೂ ಎಲ್ಲಿ, ಮಾತು ಬಿದ್ದುಹೋದವರಿಗೆ ಮಾತು ಕಲಿಸುವ ಕೋಣೆಯ ಎದುರು ಗೋಡೆಯಲ್ಲಿ — ಇಲ್ಲಿ ಕೂತವರು ಸೈಲೆನ್ಸನ್ನಲ್ಲದೆ ಇನ್ನೇನನ್ನು ಮೇಂಟೇನ್ ಮಾಡಲು ಸಾಧ್ಯವೋ, ಆ ಹಲಗೆಯನ್ನು ಆಸ್ಪತ್ರೆಗೆ ಬಂದಾಗಲೆಲ್ಲ ಮೇಷ್ಟ್ರು ಓದುತ್ತಾರೆ, ಓದಿದಾಗಲೆಲ್ಲ ಆ ದ ಎಂಬುದು ಅನ್ನದೊಳಗಿನ ಕಲ್ಲಿನಂತೆ ಹಲ್ಲಿಗೆ ಕಟುಕ್ಕೆನ್ನುತ್ತದೆ, ಎದ್ದು ಹೋಗಿ ಉಗುರಿನಿಂದಲಾದರೂ ಕೆರೆದು ಹಾಕೋಣವೆಂದರೆ ಬಲಗೈ ತೊಡೆಯ ಮೇಲೆ ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ ಬಿದ್ದಿದೆ, ಬಲಗಾಲು ಅದಕ್ಕೆ ತಕ್ಕ ತಮ್ಮ, ಬಾಯಿಯ ಬಲಮೂಲೆಯಲ್ಲಿ ಜೊಲ್ಲು, ಅದನ್ನು ಒರೆಸಲು ಹೆಂಡತಿಯ ಕರ್ಚೀಫು ಸದಾ ಸನ್ನದ್ಧ, ಒರೆಸುವುದೂ ಹೇಗೆ, ಮೇಜು ಒರೆಸಿದ ಹಾಗೆ. ಪಕ್ಕದ ಬೆಂಚಿನಲ್ಲಿ ಲಾರಿಯವನು, ಅವನಿಗೂ ಇದೇ ಲಕ್ವ, ಅವನ ತಲೆಯಿಂದ ಎಲ್ಲ ಮಾತೂ ಸೋರಿಹೋಗಿ ಒಂದೇ ಒಂದು ಉಳಿದಿದೆ, ಥೂ ನಿನ್ನ, ಅಷ್ಟೇ, ನೀರು ಬೇಕಾದರೂ ಥೂ ನಿನ್ನ, ನೀರು ಕುಡಿದಾದ ಮೇಲೆ ಕೃತಜ್ಞತೆಗೂ ಥೂ ನಿನ್ನ, ಮಾತಾಡಿಸಿದರೆ ಬಾಯ್ತುಂಬ ನಗುತ್ತ ಥೂ ನಿನ್ನ, ನರ್ಸುಗಳಿಗೆ ಅವನೆಂದರೆ ಪ್ರಾಣ, ಮೇಷ್ಟ್ರನ್ನು ಕಂಡರೆ ಮಾತ್ರ ಫೈಲಿನೊಳಗೆ ಮುಖ ಮುಚ್ಚಿಕೊಂಡು ಹೋಗುತ್ತಾರೆ, ಹೋಗಲಿ, ಕತ್ತೆಗೇನು ಗೊತ್ತು ಕಸ್ತೂರಿ, ಮೇಷ್ಟ್ರಿಗೂ ಉಳಿದಿರುವುದು ಒಂದೇ ಮಾತು ನಿಜ, ಆದರೆ ಬೈಗುಳವಲ್ಲ, ಇಂಗ್ಲಿಷು, ಶುದ್ಧ ಇಂಗ್ಲಿಷು, ಆರ್‌ಗಿಂತ ಮುಂದೆ ಕೂತೂ ಡಬ್ಲ್ಯೂ ಮೌನವಾಗಿರುವ — ರಾಂಗ್.

ಸೇವೆಯ ಉದ್ದಕ್ಕೂ ಹೈಸ್ಕೂಲಿನಲ್ಲಿ ಇಂಗ್ಲಿಷು ವ್ಯಾಕರಣ ಕಲಿಸಿ, ದಿನಕ್ಕೆ ನೂರು ಸಲ ಆಡಿದ ಮಾತು ಅದೊಂದೇ ತಾನೇ, ಹುಡುಗರು ಹೆಸರೇ ಇಟ್ಟಿದ್ದರು, ರಾಂಗ್ ಮೇಷ್ಟ್ರು, ಮೂತ್ರಿಯ ಗೋಡೆಯ ಮೇಲೂ ಬರೆದಿದ್ದರು, ಡಬ್ಲ್ಯೂ ಬಿಟ್ಟು ಬರೆದಿದ್ದರು ಮುಠ್ಠಾಳರು, ಆರ್‌ನಿಂದ ಶುರು, ಸೀಮೆಸುಣ್ಣ ತಂದು ಮೇಷ್ಟ್ರೇ ತಿದ್ದಿ ಬಂದಿದ್ದರು, ಬೈಯುವುದಾದರೆ ಕಾಗುಣಿತ ಕಲಿತು ಬೈಯಲಿ. ಲಕ್ವ ಹೊಡೆದ ಬೆಳಿಗ್ಗೆ ಬಚ್ಚಲಲ್ಲಿ ಹಲ್ಲುಜ್ಜುವ ಬ್ರಶ್ಶು ಕೈಯಿಂದ ಜಾರಿತು, ಬಗ್ಗಿ ಎತ್ತಲು ಹೋದರೆ ನೆಲವೇ ಮೇಲಕ್ಕೆದ್ದು ಬಂದು ಕೆನ್ನೆಗೆ ತಾಗಿತು, ಹೆಂಡತಿ ಓಡಿ ಬಂದು ಏನಾಯ್ತ್ರೀ ಎಂದಳು, ಕೈ ಎತ್ತಕ್ಕೆ ಆಗ್ತಿಲ್ಲ, ಡಾಕ್ಟರಿಗೆ ಫೋನ್ ಮಾಡು, ಹೇಳಿದ್ದು ಅಷ್ಟೇ, ಕೇಳಿಸಿದ್ದು ರಾಂಗ್, ಆ ಮಹಾತಾಯಿ ಅಲ್ಲೇ ನಿಂತು ಯೋಚಿಸಿದಳು, ಏನಾಯ್ತು ಅಂದಿದ್ದು ತಪ್ಪಾಯ್ತೇನೋ ಎಂದು, ಏನಾಗ್ತಿದೆ ರೀ ಎಂದು ಕೇಳಿದಳು, ಕಾಲ ಬದಲಾಯಿಸಿ, ವರ್ತಮಾನಕ್ಕೆ ತಂದು — ಬಚ್ಚಲ ನೆಲದ ಮೇಲೆ ಗಂಡ ಮಗುಚಿ ಬಿದ್ದಿರುವಾಗ ಇವಳು ಕ್ರಿಯಾಪದ ತಿದ್ದುತ್ತ ನಿಂತಿದ್ದಳು, ಆ ಮೇಲೆ ಬಂದ ಡಾಕ್ಟರೋ ಇನ್ನೂ ದೊಡ್ಡ ಪಂಡಿತ, ಹೀ ಈಸ್ ಸಫರಿಂಗ್ ಸಿನ್ಸ್ ಟೂ ಡೇಸ್ ಎಂದ, ಕುತ್ತಿಗೆಗೆ ಕೊಳವೆ ಸುತ್ತಿಕೊಂಡ ಮಾತ್ರಕ್ಕೆ ಸಿನ್ಸು ಫಾರು ಆಗಿಬಿಡುತ್ತದೆಯೇ, ಮೇಷ್ಟ್ರು ಹಾಸಿಗೆಯಿಂದಲೇ ರಾಂಗ್ ಎಂದರು, ಲಕ್ವದ ಮೇಲೆ ಆಡಿದ ಏಕೈಕ ಸಮಯೋಚಿತ ಮಾತು ಅದು, ಡಾಕ್ಟರು ಪಾಪ ಎಂದು ತಲೆ ಸವರಿ ಮುಂದಿನ ಹಾಸಿಗೆಗೆ ಹೋದ.

ಬನ್ನಿ ಸಾರ್ ಬನ್ನಿ, ಏನ್ ಇವತ್ತು ಇಷ್ಟು ಫ್ರೆಶ್ ಆಗಿದೀರಾ ಎಂದು ಬಾಗಿಲು ತೆರೆದಳು ಮಾತು ಕಲಿಸುವ ಹುಡುಗಿ, ಮೇಷ್ಟ್ರು ಮನಸ್ಸಿನೊಳಗೆ ಅವಳಿಗೆ ಇಟ್ಟಿರುವ ಹೆಸರು ಗಿಣಿ, ಗಿಣಿಯೇ, ಮೂಗೂ ಹಾಗೇ, ಕಲಿತದ್ದನ್ನೇ ಉಲಿಯುವುದೂ ಹಾಗೇ, ಕಾಲೇಜು ಬಿಟ್ಟು ಮೊನ್ನೆ ಮೊನ್ನೆ ಬಂದಿದೆ, ಮೇಷ್ಟ್ರ ಕೈಯಲ್ಲಿ ಸಿಕ್ಕಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಬಾಬತ್ತು, ಹೆಂಡತಿ ಕುರ್ಚಿ ತಳ್ಳಿಕೊಂಡು ಬಂದು ಮೇಜಿಗೆ ತಾಗಿಸಿ ನಿಲ್ಲಿಸಿ ತಾನು ಗೋಡೆಯ ಪಕ್ಕದ ಸ್ಟೂಲಿನಲ್ಲಿ ಕೂರುತ್ತಾಳೆ, ಯಾವತ್ತೂ ಗೋಡೆಯ ಪಕ್ಕ, ಗಿಣಿ ರಟ್ಟಿನ ಚಿತ್ರಗಳ ಕಟ್ಟು ಬಿಚ್ಚುತ್ತದೆ, ಸಾರ್ ನೀವು ಇಂಗ್ಲಿಷ್ ಟೀಚರ್ ಅಲ್ವಾ, ಇಂಗ್ಲಿಷಲ್ಲೇ ಟ್ರೈ ಮಾಡೋಣ, ವಾಟ್ ಈಸ್ ದಿಸ್ ಈಸ್ — ಎರಡು ಈಸು, ಒಂದು ಬರುವುದಕ್ಕೆ, ಒಂದು ಹೋಗುವುದಕ್ಕೆ, ಕಾರ್ಡಿನ ಮೇಲೆ ಕಪ್ಪು, ಹಿಡಿಯಿರುವ ಕಪ್ಪು, ನಾಮಪದ, ಏಕವಚನ, ಎಣಿಸಬಹುದಾದದ್ದು, ಹಿಂದೆ ಎ ಬರಬೇಕಾದದ್ದು, ಒಳಗೆ ಏನಾದರೂ ಇದ್ದರೆ ಆಮೇಲೆ ಆಫ್ ಬರಬೇಕಾದದ್ದು, ಎಲ್ಲ ಇದೆ, ಎಲ್ಲ ಅದರದರ ಜಾಗದಲ್ಲಿ ನೀಟಾಗಿ ಇದೆ, ಅಂಗಡಿ ತುಂಬ ಸರಕು, ಶಟರು ಮಾತ್ರ ಏಳುತ್ತಿಲ್ಲ, ಮೇಷ್ಟ್ರು ಭುಜ ಕೊಟ್ಟು ಎತ್ತಿದರು, ಕುತ್ತಿಗೆಯ ನರ ಉಬ್ಬಿತು, ರಾಂಗ್. ಅಲ್ಲ ಸಾರ್, ರಾಂಗ್ ಅಲ್ಲ, ಕಪ್. ನನಗೆ ಗೊತ್ತು ಕಣಮ್ಮ ಗಿಣಿ, ನೀನು ಹುಟ್ಟುವ ಮೊದಲೇ ಗೊತ್ತು, ನಿನ್ನ ಅವ್ವ ಹುಟ್ಟುವ ಮೊದಲೂ ಅದು ಕಪ್ಪೇ ಆಗಿತ್ತು. ಪರವಾಗಿಲ್ಲ ಸಾರ್, ಹಾಡಿ ಹೇಳೋಣ, ಎಡಗೈಲಿ ಮೇಜು ತಟ್ಟಿ, ಮೇಲೆ ಒಂದು, ಕೆಳಗೆ ಒಂದು, ಇವತ್ತು ಬೇರೆ ಏನೂ ಬೇಡ, ಸರಿ ಅಂತ ಹೇಳೋಣ, ಎರಡೇ ಅಕ್ಷರ, ಸ — ರೀ. ಹಾಡಬೇಕಂತೆ, ವ್ಯಾಕರಣದ ಮೇಷ್ಟ್ರು ಶಿಶುವಿಹಾರದ ಕೂಸಿನಂತೆ ಮೇಜು ಕುಟ್ಟಿ ಹಾಡಬೇಕಂತೆ, ಥೂ ಎಂದುಕೊಂಡರು ಒಳಗೆ, ಆದರೆ ಎಡಗೈ ಎದ್ದಿತು, ತಟ್ಟಿತು, ಯಾಕೆಂದರೆ ಇವತ್ತು ಆ ಎರಡಕ್ಷರ ಬೇಕಿತ್ತು, ಯಾರಿಗೂ ಹೇಳಿಲ್ಲ, ಹೇಳಲು ಬಾಯೂ ಇಲ್ಲ, ಬೇಕಿತ್ತು.

ಯಾಕೆ ಬೇಕಿತ್ತೆಂದರೆ ಬೆಳಿಗ್ಗೆ ಅಂಗಿಯ ಗುಂಡಿ ಹಾಕುತ್ತ ಹೆಂಡತಿ ಹೇಳಿದ್ದಳು, ರೀ, ಇವತ್ತು ಅವಳು ಆ ಹುಡುಗನನ್ನ ಕರ್ಕೊಂಡು ಬರ್ತಾಳಂತೆ, ಆಸ್ಪತ್ರೆಗೇ ಬರ್ತಾಳಂತೆ, ಮನೆಗೆ ಬರಲ್ಲ ಅಂದಿದಾಳಲ್ಲ, ಬಿಳಿ ಅಂಗಿ ಹಾಕಿದೀನಿ, ಮುಖ ಗಂಟು ಹಾಕ್ಕೋಬೇಡಿ. ಅವಳು ಎಂದರೆ ಮಗಳು, ಒಬ್ಬಳೇ ಮಗಳು, ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಅಳೆಯುತ್ತಾಳೆ, ಊರವರಿಗೆಲ್ಲ ದೃಷ್ಟಿ ಕೊಡುವವಳಿಗೆ ತನ್ನ ಕಣ್ಣೆದುರಿನ ಟಯರು ಕಾಣಲಿಲ್ಲ, ಆ ಹುಡುಗ ಎಂದರೆ ಟಯರಿನವನು, ಹಳೆಯ ಟಯರು ಮಾರುವವನು, ಪಂಕ್ಚರು ಹಾಕುವವನು, ಇವಳ ಸ್ಕೂಟರಿಗೆ ಮೊಳೆ ಚುಚ್ಚಿತಂತೆ, ಅವನು ತೆಗೆದನಂತೆ, ಮೊಳೆಯಲ್ಲ ಅದು, ಮನ್ಮಥನ ಬಾಣ, ಚಕ್ರದಿಂದ ಕಿತ್ತು ಇವಳ ಎದೆಗೇ ಹೊಡೆದ, ಹೋದ ವರ್ಷ ಊಟದ ಮೇಜಿನಲ್ಲಿ ಅವಳು ತಟ್ಟೆ ಮುಂದಿಟ್ಟುಕೊಂಡು ಹೇಳಿದಳು, ಅಪ್ಪ, ನಾನು ಇವರನ್ನೇ ಮದುವೆ ಆಗೋದು, ಮೇಷ್ಟ್ರು ಕೇಳಿದ್ದು ತೀರಾ ಸಣ್ಣ ಪ್ರಶ್ನೆ, ಏನು ಓದಿದ್ದಾನೆ, ಅವಳು ಹೇಳಿದಳು, ಮೇಷ್ಟ್ರು ನಕ್ಕರು, ಆಯ್ತಮ್ಮ, ಒಂದು ಕೆಲಸ ಮಾಡು, ನಿನ್ನ ಟಯರು ನನ್ನ ಮುಂದೆ ನಿಂತು ಇಂಗ್ಲಿಷಲ್ಲಿ ಒಂದೇ ಒಂದು ವಾಕ್ಯ ತಪ್ಪಿಲ್ಲದೆ ಹೇಳಲಿ, ಒಂದೇ ಒಂದು, ಅವತ್ತೇ ಹೆಣ್ಣು ಕೊಡ್ತೀನಿ, ಮಗಳು ಕೈ ತೊಳೆದು ಎದ್ದಳು, ಬಟ್ಟೆ ತುಂಬಿಕೊಂಡು ಗೆಳತಿಯ ಮನೆಗೆ ಹೋದಳು, ಅವನು ಹೋಗಿ ಸ್ಪೋಕನ್ ಇಂಗ್ಲಿಷಿನ ಕ್ಲಾಸಿಗೆ ಸೇರಿದನಂತೆ, ನೋಡಿ ಅವನ ಬುದ್ಧಿಯ ಮಟ್ಟ, ಅಣಕಕ್ಕೆ ಅಂದದ್ದನ್ನು ಆಣೆಯೆಂದುಕೊಂಡ, ಹಿರಿಯರು ಕೇಳಿದಾರೆ ಕಲಿತು ಹೇಳ್ತೀನಿ ಅಂದನಂತೆ, ಜೋಕಿಗೂ ಶಪಥಕ್ಕೂ ವ್ಯತ್ಯಾಸ ಗೊತ್ತಾಗದವನಿಗೆ ಎ ಮತ್ತು ದ ನಡುವಿನ ವ್ಯತ್ಯಾಸ ಗೊತ್ತಾದೀತೇ, ಆ ಕ್ಲಾಸುಗಳೋ, ಹೋಟೆಲಿನ ಮಹಡಿಯ ಮೇಲೆ ಬೋರ್ಡು ನೇತುಹಾಕಿದ ಅಂಗಡಿಗಳು, ಇಂಗ್ಲಿಷು ಕಲಿಸುವುದಿಲ್ಲ, ಹೆದರದೆ ತಪ್ಪು ಮಾತಾಡುವುದನ್ನು ಕಲಿಸುತ್ತವೆ.

ಇರಲಿ, ಬರಲಿ, ಬಂದು ಏನಾದರೊಂದು ಒದರಲಿ, ಒದರಿದ ಮೇಲೆ ಮೇಷ್ಟ್ರು ಒಂದು ಕ್ಷಣ ಕಣ್ಣು ಮುಚ್ಚಿ ತೆರೆದು ಸರಿ ಎಂದುಬಿಡುತ್ತಾರೆ, ಅವನ ವಾಕ್ಯ ಸರಿಯೆಂದಲ್ಲ, ಅದು ಸರಿಯಿರಲು ಸಾಧ್ಯವೇ ಇಲ್ಲ, ಹೋಗಲಿ ಎಂದು, ದಾನ ಮಾಡಿದ ಹಾಗೆ, ಕೊಟ್ಟವರು ತಾವಾಗಬೇಕು, ಹೆಣ್ಣು ಕೊಟ್ಟದ್ದು ಅಪ್ಪ ಎಂದಾಗಬೇಕು, ಅಪ್ಪನಿಗೆ ಬಾಯಿ ಬಿದ್ದುಹೋಗಿತ್ತು ಅದಕ್ಕೆ ಇವಳು ತಾನೇ ಮಾಡಿಕೊಂಡಳು ಎಂದಾಗಬಾರದು, ಅಷ್ಟಕ್ಕಾದರೂ ಎರಡಕ್ಷರ ಬೇಕಲ್ಲ, ಸ, ಎಡಗೈ ಮೇಜು ತಟ್ಟಿತು, ನಾಲಗೆ ಹಲ್ಲಿನ ಹಿಂದೆ ಹೋಯಿತು, ಸ್ಸ್, ಬಂತು, ಪಂಕ್ಚರಾದ ಟ್ಯೂಬಿನ ಹಾಗೆ ಸ್ಸ್ ಎಂದಿತು, ಗಿಣಿ ಕುರ್ಚಿಯಲ್ಲೇ ಕುಣಿದುಬಿಟ್ಟಿತು, ಸೂಪರ್ ಸಾರ್, ಅಮ್ಮ ನೋಡಿ ಅಮ್ಮ, ಸಾರ್ ಸ ಅಂದ್ರು, ಹೆಂಡತಿ ಸ್ಟೂಲಿನಿಂದ ಅರ್ಧ ಎದ್ದಳು, ಇನ್ನೊಂದು ಸಲ ಸಾರ್, ಸ್ಸ್, ರೀ ರೀ, ಮೇಷ್ಟ್ರು ಇಡೀ ದೇಹವನ್ನು ಆ ರಿ ಕಡೆಗೆ ತಳ್ಳಿದರು, ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು, ಸ್ಸ್ — ರಾಂಗ್. ಹೆಂಡತಿ ಕೂತಳು. ಕರ್ಚೀಫು ಮಡಚಿದಳು. ಏನನ್ನು ಎಷ್ಟು ಮಡಚುತ್ತಾಳೋ, ಮಾತನ್ನೂ ಹೀಗೇ ಮಡಚಿ ಇಟ್ಟಳು ಇವಳು, ಒಂದಾನೊಂದು ಕಾಲದಲ್ಲಿ ಚೂರುಪಾರು ಇಂಗ್ಲಿಷು ಆಡುತ್ತಿದ್ದಳು, ಮದುವೆಯಾದ ಹೊಸದು, ಹೆಡ್‌ಮಾಸ್ಟರು ಹೆಂಡತಿಯೊಂದಿಗೆ ಮನೆಗೆ ಬಂದಿದ್ದರು, ಇವಳು ಸೆರಗು ಸರಿಮಾಡಿಕೊಂಡು ಐ ವಿಲ್ ಮೇಕ್ ಯೂ ಟೀ ಎಂದಳು, ಮೇಷ್ಟ್ರು ಥಟ್ಟನೆ, ಹುಷಾರು ಮೇಡಂ, ನಿಮ್ಮನ್ನೇ ಟೀ ಮಾಡಿಬಿಡ್ತಾಳಂತೆ, ಆಹಾ ಎಷ್ಟು ನಗು, ಹೆಡ್‌ಮಾಸ್ಟರಿಗೆ ನಕ್ಕು ನಕ್ಕು ಕೆಮ್ಮು ಬಂತು, ವಾಕ್ಯದಲ್ಲಿ ತಪ್ಪೇನೂ ಇರಲಿಲ್ಲ, ಎರಡು ಕರ್ಮ ತೆಗೆದುಕೊಳ್ಳುವ ಕ್ರಿಯಾಪದ, ಅಪ್ಪಟ ಇಂಗ್ಲಿಷು, ಮೇಷ್ಟ್ರಿಗೆ ಗೊತ್ತಿತ್ತು, ಆದರೆ ಬಂದವರು ನಕ್ಕರಲ್ಲ, ಅದು ಮುಖ್ಯ, ಆಮೇಲೆ ಅವಳು ಟೀ ತಂದಿಟ್ಟಳು, ಇಂಗ್ಲಿಷು ತರಲಿಲ್ಲ, ಮುಂದೆ ಯಾವತ್ತೂ ತರಲಿಲ್ಲ, ಅಷ್ಟಕ್ಕೇ ಬಾಯಿ ಮುಚ್ಚಿಕೊಳ್ಳುವವರು ಕಲಿಯಲಿಕ್ಕೆ ಯೋಗ್ಯರಲ್ಲ. ಮಗಳು ಹಾಗಲ್ಲ, ಮಗಳಿಗೆ ಹಟ ಇತ್ತು, ಚಿಕ್ಕವಳಿದ್ದಾಗ ಹಿತ್ತಲಿಂದ ಓಡಿ ಬಂದು ಅಪ್ಪ ಅಪ್ಪ ಕ್ಯಾಟ್ ಗಿವ್ ಬೇಬೀಸ್ ಎಂದಳು, ರಾಂಗ್, ಕ್ಯಾಟ್ ಈಸ್ ಗಿವ್ ಬೇಬೀಸ್, ರಾಂಗ್, ಕುಣಿಯುತ್ತಿದ್ದ ಕಾಲು ನಿಂತಿತು, ಗಿವನ್, ಹ್ಯಾಸ್ ಗಿವನ್, ಗಿವ್ ಅಲ್ಲ, ಹ್ಯಾಡ್ ಕಿಟನ್ಸ್ ಅನ್ನಬೇಕು, ದ ಕ್ಯಾಟ್ ಹ್ಯಾಸ್ ಹ್ಯಾಡ್ ಕಿಟನ್ಸ್, ಪೂರ್ತಿ ವಾಕ್ಯ ಸರಿಯಾಗಿ ಬಂದ ಮೇಲೆ ಕೈ ಹಿಡಿದು ಹಿತ್ತಲಿಗೆ ಹೋದರು, ಅಷ್ಟರಲ್ಲಿ ಬೆಕ್ಕು ಮರಿಗಳನ್ನು ಕಚ್ಚಿಕೊಂಡು ಎಲ್ಲಿಗೋ ಸಾಗಿಸಿತ್ತು, ಗೋಣಿಚೀಲದ ಮೇಲೆ ಒಂದಿಷ್ಟು ಕೂದಲು, ಒಂದು ಒದ್ದೆ ಕಲೆ. ಮಗಳು ಅಳಲಿಲ್ಲ. ಆ ವಾಕ್ಯವನ್ನು ಮಾತ್ರ ಇವತ್ತಿಗೂ ತಪ್ಪಾಗಿ ಹೇಳಲಾರಳು, ಬೇಕಾದರೆ ಪಂಥ.

ಬಂದಳು. ಬಾಗಿಲು ಅರ್ಧ ತೆರೆದು ಗಿಣಿಯನ್ನು ಕೇಳಿದಳು, ಮೇಡಂ, ಐದು ನಿಮಿಷ ಬರಬಹುದಾ, ಅಯ್ಯೋ ಬನ್ನಿ ಬನ್ನಿ, ಮನೆಯವರು ಬಂದ್ರೆ ಸಾರಿಗೂ ಒಳ್ಳೇದು, ಮಗಳು ಇಳಿದುಹೋಗಿದ್ದಾಳೆ, ಕತ್ತಿನ ಎಲುಬು ಕಾಣುತ್ತದೆ, ಅಮ್ಮನ ಭುಜದ ಮೇಲೆ ಕೈಯಿಟ್ಟಳು, ಅಪ್ಪನ ಮುಂದೆ ಬಂದು ನಿಂತು ಹೇಗಿದೀರ ಅಪ್ಪ ಎಂದಳು, ರಾಂಗ್, ಗೊತ್ತು ಎನ್ನುವಂತೆ ತಲೆಯಾಡಿಸಿದಳು, ಅಮ್ಮ ಫೋನಿನಲ್ಲಿ ಎಲ್ಲ ಹೇಳಿರಬೇಕು, ಹೊಟ್ಟೆಯಲ್ಲಿ ಮಾತು ನಿಲ್ಲದ ಜಾತಿ, ಅವನೆಲ್ಲೇ ಎಂದು ಹೆಂಡತಿ ಕೇಳಿದಳು, ಕೆಳಗೆ ಯಾರೋ ಡಾಕ್ಟರ ಕಾರಿನ ಟಯರು ಕೂತಿತ್ತಮ್ಮ, ಬಿಟ್ಟು ಬರ್ತಾರಾ ಇವರು, ಬಂದೇ ಅಂದ್ರು, ಬಂದೇಬಿಟ್ಟ, ದೊಡ್ಡ ಆಸಾಮಿ, ಬಾಗಿಲಿಗೆ ತಲೆ ತಗ್ಗಿಸಬೇಕಾದ ಎತ್ತರ, ಇಸ್ತ್ರಿ ಮಾಡಿದ ಅಂಗಿ, ಅದರ ಕಂಕುಳಲ್ಲಿ ಬೆವರು, ಎರಡೂ ಕೈ ಮೈಯಿಂದ ದೂರ ಹಿಡಿದುಕೊಂಡಿದ್ದಾನೆ, ಮೊಣಕೈವರೆಗೂ ಮಸಿ, ಸಾರಿ ಸಾರ್, ಸಾರಿ ಅಮ್ಮ, ಅವರಿಗೆ ಆಪರೇಷನ್ನಿಗೆ ಹೋಗ್ಬೇಕಿತ್ತಂತೆ, ಕೆಳಗೆ ನಲ್ಲೀಲಿ ನೀರೇ ಇಲ್ಲ, ಹಿಂಗೇ ಬಂದ್ಬಿಟ್ಟೆ — ಹಿಂಗೇ ಬಂದುಬಿಟ್ಟ, ಅಳಿಯನಾಗಲು, ಹೆಣ್ಣು ಕೇಳಲು, ಕರೀ ಎಣ್ಣೆ ಬಳಿದುಕೊಂಡು, ಇವನ ವ್ಯಾಕರಣ ಬೇರೆ ನೋಡಬೇಕೇ, ಕೈಯೇ ಹೇಳುತ್ತದೆ. ಮಗಳು ಹೇಳಿದಳು, ರೀ, ಅದೆಲ್ಲ ಬೇಡ ಅಂದಿದೀನಲ್ಲ, ಸುಮ್ನೆ ವಿಷಯ ಹೇಳಿ ಹೋಗೋಣ, ಅಪ್ಪಂಗೆ ಈಗ ಮಾತೇ — ಅವನು ಕೇಳಲಿಲ್ಲ, ಮಾತು ಬರದಿದ್ರೆ ಏನು, ಕಿವಿ ಕೇಳುತ್ತಲ್ಲ ಎಂದ, ಗಾಲಿಕುರ್ಚಿಯ ಮುಂದೆ ಕಾಲು ಜೋಡಿಸಿ ನಿಂತ, ಗಂಟಲು ಸರಿಮಾಡಿಕೊಂಡ, ಕಣ್ಣು ಮೇಲೆ ಮಾಡಿ ಸೂರಿನಲ್ಲಿ ಬರೆದದ್ದನ್ನು ಓದುವವನಂತೆ ಹೇಳಿದ, ಗುಡ್ ಮಾರ್ನಿಂಗ್ ಸಾರ್, ಐ ಆಮ್ ಹ್ಯಾವಿಂಗ್ ಟಯರ್ ಶಾಪ್.

ಹ್ಯಾವಿಂಗ್, ಹ್ಯಾವಿಂಗಂತೆ, ಅಂಗಡಿಯೇನು ಜ್ವರವೇ ಈಗ ಬಂದು ನಾಳೆ ಬಿಟ್ಟುಹೋಗಲು, ಒಡೆತನ ಹೇಳುವ ಕ್ರಿಯಾಪದಕ್ಕೆ ಇಂಗು ಹಚ್ಚಬಾರದೆಂದು ಎಷ್ಟು ತಲೆಮಾರಿಗೆ ಅರಚಿಕೊಂಡರೂ ಈ ಜನ ಎಲ್ಲಕ್ಕೂ ಇಂಗು ಹಾಕುತ್ತಾರೆ, ಸಾರಿಗೆ ಹಾಕಿದ ಹಾಗೆ, ರಾಂಗ್ ಎಂದರು ಮೇಷ್ಟ್ರು, ಅದು ಬಾಯಿ ಹೇಳಿದ್ದೋ ತಾವು ಹೇಳಿದ್ದೋ, ಎರಡೂ ಒಂದೇ ಆಗಿತ್ತು, ಬಹಳ ದಿನಗಳ ಮೇಲೆ ಬಾಯಿ ಮತ್ತು ತಲೆ ಒಂದೇ ನೊಗಕ್ಕೆ ಹೆಗಲು ಕೊಟ್ಟವು, ಏನು ಸುಖ, ಅದು ಹಾಗಲ್ಲ ರೀ, ಅಪ್ಪಂಗೆ ಬರೋದೇ ಅದೊಂದು ಮಾತು ಎಂದು ಮಗಳು ಬಾಯಿ ಹಾಕಿದಳು, ಅವನು ಮಸಿಗೈ ಎತ್ತಿ ಸುಮ್ನಿರು, ಮೇಷ್ಟ್ರು ಹೇಳ್ತಿದಾರೆ ಎಂದ, ಯೋಚಿಸಿದ, ಹುಬ್ಬಿನ ನಡುವೆ ಬೆವರು ಇಳಿಯಿತು, ಐ ಹ್ಯಾವ್ ಟಯರ್ ಶಾಪ್. ರಾಂಗ್. ಇದೂ ಹೌದು, ಇದೂ ಒಪ್ಪಿ ಆಡಿದ್ದೇ, ಆರ್ಟಿಕಲ್ ಎಲ್ಲಯ್ಯ, ಒಂದಂಗಡಿಯೋ ಎಲ್ಲ ಅಂಗಡಿಯೋ, ತಲೆಗೆ ಟೋಪಿ ಇಲ್ಲದೆ ನಾಮಪದವನ್ನು ಬೀದಿಗೆ ಕಳಿಸುತ್ತೀಯಾ, ಗೊತ್ತಾಗುವುದಿಲ್ಲ ನಿನಗೆ, ನಿನ್ನಂಥವರಿಗೆ ಆ ಸಣ್ಣ ಎ ಕಾಣುವುದೇ ಇಲ್ಲ, ಕಣ್ಣಿಗೆ ಬೀಳದ ಧೂಳಿನ ಕಣದ ಹಾಗೆ, ಇಡೀ ಸೇವೆಯಲ್ಲಿ ಎಷ್ಟು ಹುಡುಗರು ಅದನ್ನು ತಾವಾಗಿ ಕಂಡರು, ಬೆರಳೆಣಿಕೆ, ಹೇಳಿಕೊಟ್ಟಾಗ ಹಾಕುತ್ತಾರೆ, ಬೆನ್ನು ತಿರುಗಿಸಿದರೆ ಬಿಟ್ಟುಬಿಡುತ್ತಾರೆ, ಅವನು ಕೆಳಗೆ ನೋಡಿದ, ತುಟಿಯೊಳಗೇ ಏನೋ ಎಣಿಸಿದ, ಬೆರಳು ಮಡಚಿದ, ಐ, ಹ್ಯಾವ್, ನಿಂತ, ಮೇಷ್ಟ್ರ ಮುಖ ನೋಡಿದ, ಕತ್ತಲಲ್ಲಿ ಮೆಟ್ಟಿಲಿಗೆ ಕಾಲು ತಡಕುವವನ ಹಾಗೆ ತಡಕಿ, ಎ, ಎಂದ, ಟಯರ್ ಶಾಪ್.

ಸಿಕ್ಕಿತು ಅವನಿಗೆ, ಸಿಕ್ಕಿತು, ಯಾರೂ ಹೇಳಿಕೊಡದೆ, ಎದೆಯೊಳಗೆ ಒಂದು ಸಣ್ಣ ಕಿಟಕಿ ಪಟಾರೆಂದು ತೆರೆಯಿತು, ಈ ಸುಖಕ್ಕಾಗಿಯೇ ಅಲ್ಲವೇ ಅಷ್ಟು ವರ್ಷ ಸೀಮೆಸುಣ್ಣದ ಧೂಳು ಕುಡಿದದ್ದು, ಹೆಣ್ಣು ಗಂಡು ಅಳಿಯ ಟಯರು ಎಲ್ಲ ಆಚೆಗಿರಲಿ, ಒಬ್ಬ ಮನುಷ್ಯ ತಾನಾಗಿ ಆ ಎ ಕಂಡುಕೊಂಡ, ಒಂದು ವಾಕ್ಯ ತಪ್ಪಿಲ್ಲದೆ ಹೇಳಿದ, ಮಾತು ಕೊಟ್ಟಾಗಿದೆ, ಹೇಳಿ ಮೇಷ್ಟ್ರೇ, ಸರಿ, ಇಲ್ಲ ಕರೆಕ್ಟ್, ಇಲ್ಲ ಗುಡ್, ಏನಾದರೂ ಹೇಳಿ, ಎಡಗೈ ಮೇಜು ಹುಡುಕಿತು, ಮೇಜು ದೂರ, ಕುರ್ಚಿಯ ಹಿಡಿಯನ್ನೇ ತಟ್ಟಿದರು, ಸ್ಸ್, ಸ್ಸ್ — ರಾಂಗ್. ಅವನ ಮುಖ ಇಳಿಯಿತು. ಪುನಃ ಯೋಚಿಸಿದ. ಬೇಡ, ಬೇಡಯ್ಯ, ನಿಲ್ಲು, ಅಲ್ಲೇ ನಿಲ್ಲು, ಐ ಹ್ಯಾವ್ ದ ಟಯರ್ ಶಾಪ್ ಎಂದ, ರಾಂಗ್, ಐ ಹ್ಯಾಸ್ ಎ ಟಯರ್ ಶಾಪ್, ರಾಂಗ್, ಮುಟ್ಟಿದ ದಡ ಬಿಟ್ಟು ಮತ್ತೆ ನೀರಿಗೆ ಇಳಿಯುತ್ತಿದ್ದಾನೆ ಹೆಡ್ಡ, ಐ ಹ್ಯಾಡ್, ರಾಂಗ್, ಮೇಷ್ಟ್ರು ಎಡಗೈ ಬೀಸಿದರು, ಅವನಿಗೆ ಅದು ಹೊಡೆಯಲು ಎತ್ತಿದ ಕೈಯಂತೆ ಕಂಡಿರಬೇಕು, ಗಾಬರಿಯಲ್ಲಿ ಐ ಆಮ್ ಎ ಟಯರ್ ಶಾಪ್ ಎಂದುಬಿಟ್ಟ. ಗೋಡೆಯ ಪಕ್ಕದಿಂದ ಒಂದು ಸದ್ದು, ಹೆಂಡತಿ, ನಗುತ್ತಿದ್ದಾಳೆ, ಸೆರಗು ಬಾಯಿಗೆ ಒತ್ತಿಕೊಂಡು ಮೈಯೆಲ್ಲ ಕುಲುಕಿ ನಗುತ್ತಿದ್ದಾಳೆ, ಗಿಣಿಯೂ ನಕ್ಕಿತು, ಟಯರಿನವನು ಪೆಚ್ಚಾಗಿ ನಕ್ಕ, ಹೆಂಡತಿ ಕಣ್ಣೊರೆಸಿಕೊಂಡು, ಮೇಷ್ಟ್ರನ್ನು ನೋಡಿದಳು, ಎಷ್ಟೋ ಹೊತ್ತು ನೋಡಿದಳು, ಆಮೇಲೆ ಅವನ ಕಡೆ ತಿರುಗಿ, ಮೂರನೇದು ಸರಿ ಇತ್ತಪ್ಪ, ಇವರ ಬಾಯಿ ನೋಡಬೇಡ, ಇವರ ಕಣ್ಣು ನೋಡಿದೆ ನಾನು, ಐ ಹ್ಯಾವ್ ಎ ಟಯರ್ ಶಾಪ್, ಅದೇ ಸರಿ, ಅಲ್ಲಿಗೇ ನಿಲ್ಲಿಸು. ಇಂಗ್ಲಿಷು ಇವಳ ಬಾಯಲ್ಲಿ, ಶಾಪಿನ ಆ ಬಹಳ ಅಗಲವಾಯಿತು, ಟಯರಿನ ಕೊನೆಯಲ್ಲಿ ಆರ್ ಕುಟ್ಟಿದಳು, ಅದಿರಲಿ, ವಾಕ್ಯ ನೆಟ್ಟಗೆ ನಿಂತಿತ್ತು, ಈ ಮನೆಯಲ್ಲಿ ಸರಿ ತಪ್ಪು ಹೇಳುವವರು ಯಾವಾಗ ಬದಲಾದರು, ಯಾರನ್ನು ಕೇಳಿ ಬದಲಾದರು.

ನೋಡಿ ಅಪ್ಪ, ಮಗಳು ಮುಂದೆ ಬಂದಳು, ಕುರ್ಚಿಯ ಮಟ್ಟಕ್ಕೆ ಕುಕ್ಕರುಗಾಲಲ್ಲಿ ಕೂತಳು, ದನಿ ಏರಿಸಲಿಲ್ಲ, ನೀವು ಸರಿ ಅಂದ್ರೂ, ರಾಂಗ್ ಅಂದ್ರೂ, ಅದರಿಂದ ಏನೂ ಬದಲಾಗಲ್ಲ, ಇವರಿಗೆ ಆಸೆ ಇತ್ತು, ಹೇಳಿದ್ರು, ನಾನಂತೂ ಕೇಳೋಕೆ ಬಂದಿಲ್ಲ, ಹೇಳೋಕೆ ಬಂದಿದೀನಿ, ಮುಂದಿನ ವಾರ ರಿಜಿಸ್ಟ್ರಾರ್ ಆಫೀಸಲ್ಲಿ ಮದುವೆ, ಅಮ್ಮ ಬರ್ತಾಳೆ, ನೀವೂ ಬನ್ನಿ, ಕರ್ಕೊಂಡು ಹೋಗೋಕೆ ಕಾರು ತರ್ತಾರೆ. ಕೇಳೋಕೆ ಅಲ್ಲ, ಹೇಳೋಕೆ, ಎಷ್ಟು ಖಚಿತ, ಎಷ್ಟು ಚೊಕ್ಕ, ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ, ಯಾರಿಂದ ಕಲಿತಳು, ಇನ್ಯಾರಿಂದ, ಬೆಳಿಗ್ಗೆಯಿಂದ ಮೇಜು ಕುಟ್ಟಿ ಕುಟ್ಟಿ ಹೆರಲು ಹೊರಟ ಆ ಎರಡಕ್ಷರ ಯಾರಿಗೂ ಬೇಕಿರಲಿಲ್ಲ, ಬಾಗಿಲು ತೆರೆದೇ ಇದ್ದ ಮನೆಗೆ ಬೀಗದ ಕೈ ಹೊತ್ತು ತಂದ ದೊಡ್ಡ ಮನುಷ್ಯ, ಮೇಷ್ಟ್ರಿಗೆ ತಮ್ಮ ಮೇಲೇ ಒಂದು ತಾತ್ಸಾರ ಬಂತು, ಬಂದಷ್ಟೇ ಬೇಗ ಬೇರೆಯವರ ಮೇಲೆ ಹೊರಳಿಕೊಂಡಿತು, ಅದರ ಅಭ್ಯಾಸ ಅದು, ಈ ಗಿಣಿ ಯಾಕೆ ಮೂಗು ಒರೆಸಿಕೊಳ್ಳುತ್ತಿದೆ, ಅದಕ್ಕೇನು ಸಂಬಂಧ, ಬರ್ತೀವಿ ಸಾರ್ ಎಂದ ಟಯರಿನವನು, ಬಗ್ಗಿದ, ಮೇಷ್ಟ್ರ ಕೈ ಹಿಡಿದ, ಬಲಗೈ, ಸತ್ತ ಕೈಯನ್ನೇ ಹಿಡಿದ, ಯಾರೂ ಮುಟ್ಟದ ಕೈ ಅದು, ಹೆಂಡತಿ ಸಹ ಅಂಗಿಯ ತೋಳಿಗೆ ತೂರಿಸುವಾಗ ಬಿಟ್ಟರೆ ಮುಟ್ಟುವುದಿಲ್ಲ, ಡಾಕ್ಟರು ಸೂಜಿಯಲ್ಲಿ ಚುಚ್ಚಿ ಗೊತ್ತಾಗುತ್ತಾ ಎನ್ನುತ್ತಾನೆ, ಇವನು ಮಸಿಯ ಎರಡೂ ಕೈಯಲ್ಲಿ ಅದನ್ನು ಮಣಿಕಟ್ಟಿನವರೆಗೂ ಹಿಡಿದು, ಥ್ಯಾಂಕ್ಸ್ ಸಾರ್, ಇನ್ನೂ ಕಲೀತೀನಿ ಸಾರ್ ಎಂದು ಕುಲುಕಿದ, ಮೇಷ್ಟ್ರಿಗೆ ಏನೂ ತಿಳಿಯಲಿಲ್ಲ, ಬಿಸಿಯಿತ್ತೋ ತಣ್ಣಗಿತ್ತೋ, ಗಟ್ಟಿಯಾಗಿ ಹಿಡಿದನೋ ಸಡಿಲವಾಗಿಯೋ, ಬೇರೆ ಯಾರದೋ ಕೈಯನ್ನು ಬೇರೆ ಯಾರೋ ಕುಲುಕುವುದನ್ನು ನೋಡಿದ ಹಾಗೆ ನೋಡುತ್ತಿದ್ದರು, ಅವನು ಬಿಟ್ಟ, ಕೈ ತೊಡೆಗೆ ಬಿತ್ತು, ಬಿಳಿ ಅಂಗಿಯ ತೋಳಿನ ಪಟ್ಟಿಯ ಮೇಲೆ ಅವನ ಹೆಬ್ಬೆರಳು ಉಳಿದಿತ್ತು.

ಕಪ್ಪಗೆ, ಗೆರೆ ಗೆರೆಯಾಗಿ, ಸುಳಿ ಸಮೇತ. ಅವರು ಹೋದರು, ಮಗಳ ಚಪ್ಪಲಿ ಸದ್ದು ಮೆಟ್ಟಿಲಿಳಿಯಿತು, ಗಿಣಿ ಇವತ್ತಿಗೆ ಸಾಕು ಸಾರ್, ತುಂಬ ಚೆನ್ನಾಗಿ ಮಾಡಿದ್ರಿ ಎಂದಿತು, ಸುಳ್ಳು, ಹೆಂಡತಿ ಕುರ್ಚಿ ತಿರುಗಿಸಿದಳು, ಲಾರಿಯವನು ಒಳಗೆ ಬರುತ್ತ ಥೂ ನಿನ್ನ ಎಂದು ನಗುತ್ತಾನೆ, ಅಸಹ್ಯ, ಕಾರಿಡಾರಿನ ಕಿಟಕಿಯಿಂದ ಬಿಸಿಲು ಚೌಕ ಚೌಕವಾಗಿ ಬಿದ್ದಿದೆ, ಕುರ್ಚಿ ಬಿಸಿಲಿಗೆ ಬಂದಾಗ ಹೆಬ್ಬೆರಳು ಹೊಳೆಯುತ್ತದೆ, ನೆರಳಿಗೆ ಹೋದಾಗ ಮಂಕಾಗುತ್ತದೆ, ಎಣ್ಣೆಯ ಕಲೆ, ಅಷ್ಟೇ, ಕೊಳಕು, ಕೈ ತೊಳೆಯದೆ ಹೆಣ್ಣು ಕೇಳಲು ಬಂದವನ ಕೊಳಕು, ಅಲ್ಲ, ಕೇಳಲು ಅಲ್ಲ, ಕೆಳಗೆ ಅಂಗಳದಲ್ಲಿ ಇಬ್ಬರೂ ಕಾಣುತ್ತಿದ್ದಾರೆ, ನೀರು ಬಂದಿರಬೇಕು, ಅವನು ನಲ್ಲಿಯ ಕೆಳಗೆ ಕೈ ಹಿಡಿದಿದ್ದಾನೆ, ಅವಳು ಸೋಪಿನ ಚೂರು ಹಿಡಿದು ಏನೋ ಹೇಳುತ್ತಿದ್ದಾಳೆ, ನಗುತ್ತಿದ್ದಾಳೆ, ಹಲ್ಲು ಕಾಣುವ ಹಾಗೆ ನಗುವುದನ್ನು ಯಾರು ಕಲಿಸಿದರು ಅವಳಿಗೆ, ಅವಳು ಹೇಳುತ್ತಿರುವುದರಲ್ಲಿ ಎಷ್ಟು ತಪ್ಪಿದೆಯೋ, ಕೇಳಿಸುವುದಿಲ್ಲ, ಹೆಬ್ಬೆರಳು, ಅಯ್ಯೋ ಅಂಗಿ ಎಂದಳು ಹೆಂಡತಿ ಈಗಷ್ಟೇ ನೋಡಿದವಳಂತೆ, ಎಣ್ಣೆ ಕಲೆ ರೀ ಇದು, ಒಣಗಿದ್ರೆ ಹೋಗಲ್ಲ, ಬಾಟಲಿಯ ನೀರಿನಲ್ಲಿ ಕರ್ಚೀಫಿನ ತುದಿ ಅದ್ದಿ ಮುಂದೆ ಬಂದು ಬಗ್ಗಿದಳು, ರಾಂಗ್ ಎಂದರು ಮೇಷ್ಟ್ರು, ಇರಿ ಒಂದು ನಿಮಿಷ ಎಂದು ತೋಳು ಎತ್ತಿದಳು, ರಾಂಗ್, ಎಡಗೈ ಬಂದು ಅಂಗಿಯ ಪಟ್ಟಿಯ ಮೇಲೆ ಅಡ್ಡ ಕೂತಿತು. ಅವಳು ನಿಂತಳು. ಬೇಡ್ವಾ ಎಂದಳು. ಸರಿ ಬಿಡಿ ಎಂದಳು, ಎಷ್ಟು ಸಲೀಸಾಗಿ, ಮೇಜು ಕುಟ್ಟದೆ, ಒದ್ದೆ ಕರ್ಚೀಫಿನಿಂದ ತನ್ನದೇ ಮುಖ ಒರೆಸಿಕೊಂಡು ಹಿಂದೆ ಹೋಗಿ ಕುರ್ಚಿ ತಳ್ಳಿದಳು, ಇವಳಿಗೇನು ಅರ್ಥವಾಯಿತು ಮಣ್ಣು, ಮೇಷ್ಟ್ರು ಎಡಗೈ ತುಸು ಸರಿಸಿ ನೋಡಿದರು, ಹೆಬ್ಬೆರಳು, ಒಂದು ಗೆರೆಯೂ ಅಳಿಸಿಲ್ಲ, ಕುರ್ಚಿಯ ಚಕ್ರ ಎಲ್ಲೋ ಕಿರುಗುಟ್ಟುತ್ತದೆ, ಇದಕ್ಕೊಬ್ಬ ಎಣ್ಣೆ ಹಾಕುವವನು ಗತಿಯಿಲ್ಲ ಈ ಆಸ್ಪತ್ರೆಗೆ, ಮುಂದಿನ ವಾರ ಯಾವ ಅಂಗಿ ಹಾಕುತ್ತಾಳೋ, ಇದನ್ನು ಒಗೆಯುತ್ತಾಳೋ ಏನೋ, ಒಗೆಯಬಾರದು ಎನ್ನುವುದಕ್ಕೆ ಕೈಸನ್ನೆ ಯಾವುದು, ಲಿಫ್ಟಿನ ಬಾಗಿಲು ತೆರೆಯಿತು, ಕನ್ನಡಿಯಲ್ಲಿ ಸೊಟ್ಟ ಬಾಯಿಯ ಮುದುಕ, ಬಿಳಿ ಅಂಗಿ, ಅಂಗಿಯ ಪಟ್ಟಿಯ ಮೇಲೆ ಹೆಬ್ಬೆರಳು, ಬಾಗಿಲು ಮುಚ್ಚಿತು, ಲಿಫ್ಟು ಇಳಿಯತೊಡಗಿತು, ಮುಂದೇನೋ ಯೋಚಿಸಬೇಕಿತ್ತು, ಏನೋ ಒಂದು ತಪ್ಪು ಹಿಡಿಯಬೇಕಿತ್ತು, ಹೆಬ್ಬೆರಳು, ಕಪ್ಪಗೆ, ಸುಳಿ ಸಮೇತ, ಹೆಬ್ಬೆರಳು —